ಶಾಲೆಯ ತಂತಿವಾದ್ಯ ವೃಂದ: ವಯೊಲಿನ್ ಮೇಷ್ಟ್ರು 25 ಗಂಟೆಯಲ್ಲಿ ಏನು ಕಲಿಯಬೇಕು?

ನಾಲ್ಕು_ತಂತಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸಿಬಿಎಸ್‌ಇ ಶಾಲೆಯೊಂದರಲ್ಲಿ ವಯೊಲಿನ್ ಹೇಳಿಕೊಡುತ್ತೇನೆ. ಮೂಲ ಕಲಿಕೆ ಕರ್ನಾಟಕ ಶೈಲಿಯದು, ಆಮೇಲೆ ಪಾಶ್ಚಾತ್ಯ ಪದ್ಧತಿಯಲ್ಲಿ 5ನೇ ಗ್ರೇಡ್‌ವರೆಗೆ. ಬರುವ ಜೂನ್‌ನಿಂದ 6 ಮತ್ತು 7ನೇ ತರಗತಿಗೆ ತಂತಿವಾದ್ಯ ವೃಂದ ಶುರುಮಾಡಲು ಶಾಲೆ ಒಪ್ಪಿದೆ. ಒಟ್ಟು 27 ಮಕ್ಕಳು: 18 ವಯೊಲಿನ್, 4 ವಿಯೋಲ (ವಯೊಲಿನ್‌ಗಿಂತ ತುಸು ದೊಡ್ಡದು), 4 ಚೆಲ್ಲೋ (ಕೂತು ನುಡಿಸುವ ದೊಡ್ಡ ವಾದ್ಯ), 1 ಡಬಲ್ ಬೇಸ್ (ಎಲ್ಲಕ್ಕಿಂತ ದೊಡ್ಡದು). ವಾರಕ್ಕೆ 40 ನಿಮಿಷದ ಎರಡು ಪೀರಿಯಡ್.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ತರಬೇತಿ ಪಡೆಯಬೇಕು ಎನ್ನುತ್ತದಲ್ಲ, ಅದರಲ್ಲಿ 25 ಗಂಟೆಯನ್ನು ವೃಂದಕ್ಕೆ ಬೇಕಾದ ಕಲಿಕೆಗೇ ಬಳಸಿಕೊಳ್ಳಿ ಎಂದಿದ್ದಾರೆ. ಆದರೆ ಲಿಖಿತ ಯೋಜನೆ ಕೊಡಬೇಕು. ಪ್ರಶ್ನೆಗಳು ಇಷ್ಟು:

1. ವಯೊಲಿನ್ ಮಾತ್ರ ಬಲ್ಲವರು ಉಳಿದ ಮೂರು ವಾದ್ಯಗಳಲ್ಲಿ ಎಷ್ಟರ ಮಟ್ಟಿಗೆ ಕೈ ಕೂರಿಸಿಕೊಳ್ಳಬೇಕು?
2. ಚಿಕ್ಕಪುಟ್ಟ ರಿಪೇರಿಯಲ್ಲಿ ಯಾವುದನ್ನು ನಾವೇ ಮಾಡಬಹುದು, ಯಾವುದನ್ನು ಮುಟ್ಟಲೇಬಾರದು?
3. ಕರ್ನಾಟಕ ಸಂಗೀತದ ಅಭ್ಯಾಸ ಇಲ್ಲಿ ಅಡ್ಡಿಯೋ, ಅನುಕೂಲವೋ?

ಮಂದ್ರ_ಸ್ಥಾಯಿ:

ಯೋಜನೆಯಲ್ಲಿ ಮೊದಲು ಬರೆಯಬೇಕಾದದ್ದು: ಚೆಲ್ಲೋ 6 ಗಂಟೆ, ಬೇಸ್ 4 ಗಂಟೆ, ವಿಯೋಲ 2 ಗಂಟೆ, ನೀವೇ ವಾದ್ಯ ಹಿಡಿದು ಕೂತು. ಕಛೇರಿ ಮಟ್ಟಕ್ಕೆ ಬರಬೇಕಾಗಿಲ್ಲ. ಮಕ್ಕಳು ಮೊದಲ ವರ್ಷ ನುಡಿಸುವುದನ್ನೆಲ್ಲ ನೀವು ತಪ್ಪಿಲ್ಲದೆ, ಸರಿಯಾದ ಬೆರಳಲ್ಲಿ, ಒಳ್ಳೆಯ ನಾದದಲ್ಲಿ ನುಡಿಸಿ ತೋರಿಸುವಂತಾದರೆ ಸಾಕು. ವಯೊಲಿನ್ ಮೇಷ್ಟ್ರುಗಳು ಎಡವುವುದು ಚೆಲ್ಲೋವನ್ನು ದೊಡ್ಡ ವಯೊಲಿನ್ ಅಂದುಕೊಂಡಾಗ. ಬೆರಳಿನ ಲೆಕ್ಕವೇ ಬೇರೆ.

ಡಿ ತಂತಿಯ ಮೇಲೆ ಡಿ, ಇ, ಎಫ್ ಶಾರ್ಪ್, ಜಿ ತೆಗೆದುಕೊಳ್ಳಿ. ವಯೊಲಿನ್ ಮತ್ತು ವಿಯೋಲದಲ್ಲಿ 0, 1, 2, 3 (0 ಅಂದರೆ ಖಾಲಿ ತಂತಿ, ತೋರುಬೆರಳು 1, ಕಿರುಬೆರಳು 4). ಎರಡು ಮತ್ತು ಮೂರನೇ ಬೆರಳು ಅಂಟಿಕೊಂಡಿರುತ್ತವೆ. ಚೆಲ್ಲೋದಲ್ಲಿ ಅದೇ ಸ್ವರಗಳು 0, 1, 3, 4. ಅಲ್ಲಿ ಪಕ್ಕಪಕ್ಕದ ಬೆರಳುಗಳ ನಡುವೆ ಒಂದೊಂದು ಅರ್ಧಸ್ವರ, ಅಂದರೆ ಒಂದರಿಂದ ನಾಲ್ಕಕ್ಕೆ ಮೂರು ಅರ್ಧಸ್ವರ. ಬೇಸ್‌ನಲ್ಲಿ 0, 1, 4, ಆಮೇಲೆ ಪಕ್ಕದ ಖಾಲಿ ಜಿ ತಂತಿ. ಬೇಸ್‌ನ ತಂತಿಗಳು ಉಳಿದವುಗಳಂತೆ ಐದು ಸ್ವರದ (ಸಾ–ಪಾ) ಅಂತರದಲ್ಲಿಲ್ಲ, ನಾಲ್ಕು ಸ್ವರದ (ಸಾ–ಮಾ) ಅಂತರದಲ್ಲಿವೆ: ಕೆಳಗಿನಿಂದ ಇ, ಎ, ಡಿ, ಜಿ. ಮೂರನೇ ಬೆರಳು ಕೆಳಗಿನ ಸ್ಥಾನಗಳಲ್ಲಿ (ಅಂದರೆ ಕೈ ವಾದ್ಯದ ತಲೆಭಾಗದ ಹತ್ತಿರ ಇರುವಾಗ) ಒಂಟಿಯಾಗಿ ಕೆಲಸ ಮಾಡುವುದಿಲ್ಲ, ನಾಲ್ಕಕ್ಕೆ ಆಸರೆಯಾಗಿ ಒಟ್ಟಿಗೇ ಒತ್ತುತ್ತದೆ.

ಯಾಕೆ ಹೀಗೆ ಅಂದರೆ ಬರೀ ಅಳತೆಯ ಲೆಕ್ಕ. ಪೂರ್ಣ ಅಳತೆಯ ಚೆಲ್ಲೋದ ತಂತಿ ಸುಮಾರು 69 ಸೆಂ.ಮೀ.; ಮೊದಲ ಸ್ಥಾನದಲ್ಲಿ ಮೂರು ಅರ್ಧಸ್ವರ ಹೆಚ್ಚುಕಡಿಮೆ 10 ಸೆಂ.ಮೀ. ಬೇಸ್‌ನ ತಂತಿ (ಸಾಮಾನ್ಯವಾಗಿ ಸಿಗುವ 3/4 ಅಳತೆಯದು) ಸುಮಾರು 105 ಸೆಂ.ಮೀ.; ಅಲ್ಲಿ ಅದೇ 10 ಸೆಂ.ಮೀ.ನಲ್ಲಿ ಸಿಗುವುದು ಎರಡೇ ಅರ್ಧಸ್ವರ. ಕೈಯ ಚಾಚು ಒಂದೇ, ದಕ್ಕುವ ಸ್ವರ ಕಡಿಮೆ.

ಇದರ ಪರಿಣಾಮ ತರಗತಿಯಲ್ಲಿ ಕಾಣುವುದು ಡಿ ಮೇಜರ್ ಸ್ಕೇಲಿನ ಕೊನೆಯಲ್ಲಿ. ವಯೊಲಿನ್ ಮಕ್ಕಳು ಎ ತಂತಿಗೆ ಹೋಗಿ ಎ, ಬಿ, ಸಿ ಶಾರ್ಪ್, ಡಿ ಆರಾಮಾಗಿ ಮುಗಿಸುತ್ತಾರೆ. ಬೇಸ್ ಹುಡುಗ ಜಿ ತಂತಿಯಲ್ಲಿ ಎ (1), ಬಿ (4) ಆದಮೇಲೆ ಸಿಕ್ಕಿಕೊಳ್ಳುತ್ತಾನೆ. ಮುಂದಿನ ಎರಡು ಸ್ವರಕ್ಕೆ ಇಡೀ ಕೈ ಸುಮಾರು 15 ಸೆಂ.ಮೀ. ಕೆಳಗೆ ಜಾರಬೇಕು: ಒಂದನೇ ಬೆರಳು ಸಿ ಮೇಲೆ, ಎರಡರಲ್ಲಿ ಸಿ ಶಾರ್ಪ್, ನಾಲ್ಕರಲ್ಲಿ ಡಿ. ವಯೊಲಿನ್‌ಗೆ ಮೊದಲ ತಿಂಗಳ ಪಾಠ, ಬೇಸ್‌ಗೆ ಸ್ಥಾನ ಬದಲಾವಣೆಯ ಪಾಠ. ಇದು ಗೊತ್ತಿಲ್ಲದ ಮೇಷ್ಟ್ರು "ನಿನಗೆ ಕಿವಿ ಇಲ್ಲ" ಅಂತ ಆ ಹುಡುಗನನ್ನೇ ಬೈಯುವುದುಂಟು. ಶುರುವಿನಲ್ಲಿ ಅವನಿಗೆ ಆ ಎರಡು ಸ್ವರ ಒಂದು ಸ್ಥಾಯಿ ಕೆಳಗೆ ಬರೆದುಕೊಡಿ: ಎ ತಂತಿಯಲ್ಲಿ ನಾಲ್ಕನೇ ಬೆರಳಿನ ಸಿ ಶಾರ್ಪ್, ಆಮೇಲೆ ಖಾಲಿ ಡಿ.

ಚೆಲ್ಲೋದಲ್ಲಿ ಇಂಥ ತೊಡಕು ಬರುವುದು ಎ ಮೇಜರ್ ಮುಟ್ಟಿದಾಗ. ಡಿ ತಂತಿಯ ಜಿ ಶಾರ್ಪ್‌ಗೆ ನಾಲ್ಕನೇ ಬೆರಳನ್ನು ಮಾತ್ರ ಚಾಚಿದರೆ ಶ್ರುತಿ ಸದಾ ಕೆಳಗೇ ಇರುತ್ತದೆ, ಕೈಯೂ ನೋಯುತ್ತದೆ. ಒಂದನೇ ಬೆರಳು ಇ ಮೇಲೆ ನಿಂತಿರಲಿ, ಎರಡನೇ ಬೆರಳು ಎಫ್ ಶಾರ್ಪ್‌ಗೆ ತೆರೆದುಕೊಳ್ಳಲಿ, ಹೆಬ್ಬೆರಳು ಎರಡನೆಯದರ ಹಿಂದೆಯೇ ಹೋಗಲಿ. ಆಗ ಮೂರು ಜಿ ಮೇಲೆ, ನಾಲ್ಕು ಜಿ ಶಾರ್ಪ್ ಮೇಲೆ ತಾನಾಗಿ ಕೂರುತ್ತವೆ. ನಿಮ್ಮ 6 ಗಂಟೆಯಲ್ಲಿ ಎರಡು ಗಂಟೆ ಇದಕ್ಕೇ ಇರಲಿ.

ಕೂರುವ ಭಂಗಿ: ಚೆಲ್ಲೋದ ಹೊಟ್ಟೆಯ ಮೇಲಂಚು ಎದೆಯ ಮೂಳೆಗೆ ತಾಗಬೇಕು, ಸಿ ತಂತಿಯ ಬಿರಡೆ (ತಂತಿ ಸುತ್ತಿ ಬಿಗಿಸುವ ಗೂಟ) ಎಡಕಿವಿಯ ಹಿಂದೆ ಬರಬೇಕು. ಹಿಂದಕ್ಕೆ ಇಳಿಜಾರಿರುವ ಪ್ಲಾಸ್ಟಿಕ್ ಕುರ್ಚಿ ಬೇಡ, ಮಗು ಹಿಂದಕ್ಕೆ ಜಾರಿ ವಾದ್ಯವನ್ನು ಕೈಯಿಂದ ಎಳೆದುಕೊಳ್ಳುತ್ತದೆ. ಗ್ರಾನೈಟ್ ನೆಲದಲ್ಲಿ ಎಂಡ್‌ಪಿನ್ (ಚೆಲ್ಲೋದ ಬುಡದ ಲೋಹದ ಮೊಳೆ) ಜಾರದಿರಲು ಒಂದು ಪಟ್ಟಿಯ ಒಂದು ತುದಿಯನ್ನು ಕುರ್ಚಿಯ ಮುಂಗಾಲಿಗೆ ಸಿಕ್ಕಿಸಿ, ಇನ್ನೊಂದು ತುದಿಯ ಬಳೆಯೊಳಗೆ ಪಿನ್ ಇಡಿ. ಹಳೇ ಬ್ಯಾಗಿನ ಪಟ್ಟಿಯೇ ಸಾಕು. ಬೇಸ್ ನಿಂತು ನುಡಿಸುವವರಿಗೆ ನಟ್ (ಬಿರಡೆಗಳ ಕೆಳಗೆ ತಂತಿಗಳು ಹಾದುಹೋಗುವ ಸಣ್ಣ ದಿಂಡು) ಹಣೆ ಅಥವಾ ಹುಬ್ಬಿನ ಮಟ್ಟದಲ್ಲಿರಲಿ.

ವಿಯೋಲಕ್ಕೆ ಬೆರಳು ವಯೊಲಿನ್‌ನದೇ. ಕಲಿಯಬೇಕಾದದ್ದು ಆಲ್ಟೋ ಕ್ಲೆಫ್ (ಸ್ವರಲಿಪಿಯ ಆರಂಭದ ಗುರುತು, ಇದರಲ್ಲಿ ನಡುಗೆರೆಯೇ ಮಧ್ಯ ಸಿ) ಮತ್ತು ಕಮಾನಿನ ವೇಗ. ವಯೊಲಿನ್ ವೇಗದಲ್ಲಿ ಎಳೆದರೆ ಸಿ ತಂತಿ ಮಾತಾಡುವುದೇ ಇಲ್ಲ, ಬರೀ ಉಸಿರು ಬರುತ್ತದೆ. ನಿಧಾನ, ತೂಕ ಹೆಚ್ಚು.

ಬಿರಡೆ_ಮತ್ತು_ಕುದುರೆ:

ಎರಡನೇ ಪ್ರಶ್ನೆಗೆ. ಯೋಜನೆಯಲ್ಲಿ ವಾದ್ಯ ರಿಪೇರಿ ಮಾಡುವವರ ಹತ್ತಿರ ಕೂತು ನೋಡಲು 4 ಗಂಟೆ ಇಡಿ. 27 ಮಕ್ಕಳ ತರಗತಿಯಲ್ಲಿ 40 ನಿಮಿಷದ ಪೀರಿಯಡ್ ಹಾಳಾಗುವುದು ಪಾಠದಿಂದಲ್ಲ, ಬಿರಡೆಯಿಂದ.

ಬಿರಡೆ ಜಾರುತ್ತಿದ್ದರೆ ಮೊದಲು ತಂತಿ ಸುತ್ತಿರುವ ರೀತಿ ನೋಡಿ. ಕೊನೆಯ ಸುತ್ತು ಬಿರಡೆಯ ತಲೆ ಇರುವ ಕಡೆಯ ಗೋಡೆಯ ಹತ್ತಿರಕ್ಕೆ ಬಂದಿರಬೇಕು. ನಡುವೆಯೇ ಗುಡ್ಡೆ ಬಿದ್ದಿದ್ದರೆ ಬಿರಡೆ ಹಿಡಿಯುವುದಿಲ್ಲ. ಸುತ್ತು ಸರಿಯಿದ್ದೂ ಜಾರಿದರೆ ಬಿರಡೆ ಹೊರತೆಗೆದು ಹೊಳೆಯುವ ಎರಡು ಪಟ್ಟಿಗಳ ಮೇಲೆ ಸ್ವಲ್ಪ ಸೀಮೆಸುಣ್ಣ. ಬಿಗಿಯಾಗಿ ಸಿಕ್ಕಿಕೊಂಡರೆ ಒಣ ಸೋಪು ಅಥವಾ ಅಂಗಡಿಯಲ್ಲಿ ಸಿಗುವ ಪೆಗ್ ಪೇಸ್ಟ್. ಕಮಾನಿಗೆ ಹಚ್ಚುವ ರಾಳವನ್ನು ಬಿರಡೆಗೆ ಹಾಕಬೇಡಿ, ಮುಂದೆ ಅಲುಗಾಡುವುದೇ ಇಲ್ಲ. ಇಕ್ಕಳವಂತೂ ಬೇಡವೇ ಬೇಡ. ಬಿರಡೆಯ ಕತ್ತು ಮುರಿಯುತ್ತದೆ. ಮಳೆಗಾಲದಲ್ಲಿ ಮರ ಊದಿ ಬಿರಡೆ ಬಿಗಿಯುವುದು, ಕಲಬುರಗಿ ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಮರ ಒಣಗಿ ರಾತ್ರಿ ಕಳೆಯುವುದರಲ್ಲಿ ನಾಲ್ಕೂ ತಂತಿ ಸಡಿಲವಾಗುವುದು ಎರಡೂ ಮಾಮೂಲು. ವಾದ್ಯದ ಕೋಣೆಯಲ್ಲಿ ತೇವಾಂಶ 40ರಿಂದ 60 ಶೇಕಡಾ ಇದ್ದರೆ ಒಳ್ಳೆಯದು. ಕರಾವಳಿಯಲ್ಲಿ ಅದು ಕನಸೇ, ಕನಿಷ್ಠ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಕುದುರೆ. ತಂತಿಗಳನ್ನು ಹೊತ್ತು ನಿಲ್ಲುವ ಈ ಮರದ ತುಂಡನ್ನು (ಬ್ರಿಡ್ಜ್) ಪ್ರತಿ ವಾರ ನೋಡಬೇಕು. ಶ್ರುತಿ ಮಾಡಿದಾಗಲೆಲ್ಲ ತಂತಿ ಕುದುರೆಯ ತಲೆಯನ್ನು ಫಿಂಗರ್‌ಬೋರ್ಡ್ ಕಡೆಗೆ ಎಳೆಯುತ್ತದೆ. ಯಾರೂ ನೋಡದಿದ್ದರೆ ತಿಂಗಳೆರಡರಲ್ಲಿ ಬಾಗುತ್ತದೆ, ಒಂದು ದಿನ ಢಬ್ ಎಂದು ಬೀಳುತ್ತದೆ. ಪರೀಕ್ಷೆ ಹೀಗೆ: ಪಕ್ಕದಿಂದ ನೋಡಿದಾಗ ಟೇಲ್‌ಪೀಸ್ (ತಂತಿಗಳ ಬುಡ ಸಿಕ್ಕಿಸುವ ಪಟ್ಟಿ) ಕಡೆಯ ಮುಖ ವಾದ್ಯದ ಮೈಗೆ ಲಂಬವಾಗಿರಬೇಕು. ಎರಡು ಕಾಲೂ ಎಫ್ ರಂಧ್ರಗಳ ಒಳಗಚ್ಚುಗಳ ನೇರಕ್ಕೆ, ಸಂದಿಲ್ಲದೆ ಕೂತಿರಬೇಕು. ಬಾಗಿದ್ದರೆ ವಾದ್ಯವನ್ನು ತೊಡೆಯ ಮೇಲಿಟ್ಟು, ಎರಡೂ ಕೈಯ ಹೆಬ್ಬೆರಳು ತೋರುಬೆರಳಿನಲ್ಲಿ ಕುದುರೆಯ ಮೇಲಂಚು ಹಿಡಿದು ಕೂದಲೆಳೆಯಷ್ಟೇ ಹಿಂದಕ್ಕೆ ತನ್ನಿ. ಜಗ್ಗದಿದ್ದರೆ ತಂತಿ ಒಂಚೂರು ಸಡಿಲಿಸಿ, ಕುದುರೆಯ ಹಳ್ಳಗಳಿಗೆ 2ಬಿ ಪೆನ್ಸಿಲ್ ಉಜ್ಜಿ ಮತ್ತೆ ಪ್ರಯತ್ನಿಸಿ.

ತಂತಿಯ ಎತ್ತರ ಅಳೆಯಲು ಮಿ.ಮೀ. ಗುರುತಿನ ಸ್ಕೇಲ್ ಇಟ್ಟುಕೊಳ್ಳಿ. ಪೂರ್ಣ ಅಳತೆಯ ವಯೊಲಿನ್‌ನಲ್ಲಿ ಫಿಂಗರ್‌ಬೋರ್ಡಿನ ಕೊನೆಯಲ್ಲಿ ಇ ತಂತಿ ಸುಮಾರು 3.5, ಜಿ ತಂತಿ ಸುಮಾರು 5.5 ಮಿ.ಮೀ. ಎತ್ತರ. ಅಗ್ಗದ ವಾದ್ಯಗಳ ಕುದುರೆ ಕೊರೆಯದೆ ಬಂದಿರುತ್ತದೆ. 7, 8 ಮಿ.ಮೀ. ಇರುವ ತಂತಿಯನ್ನು ಹತ್ತು ವರ್ಷದ ಮಗು ಒತ್ತಲಾರದೆ ಅಳುತ್ತದೆ, ನಾವು ಅಭ್ಯಾಸ ಸಾಲದು ಅನ್ನುತ್ತೇವೆ. ಕೊರೆಯುವ ಕೆಲಸ ರಿಪೇರಿಯವರದು. ಗುರುತಿಸುವುದು ನಿಮ್ಮದು.

ಮುಟ್ಟಬಾರದ್ದು:

ಸೌಂಡ್‌ಪೋಸ್ಟ್. ಒಳಗೆ, ಇ ತಂತಿ ಕಡೆಯ ಕುದುರೆ ಕಾಲಿನ ತುಸು ಹಿಂದೆ ನಿಂತಿರುವ ಕಡ್ಡಿ. ಅಂಟಿಲ್ಲ, ತಂತಿಗಳ ಒತ್ತಡದಿಂದಷ್ಟೇ ನಿಂತಿದೆ. ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದರೆ ಬೀಳಬಹುದು. ಆದ್ದರಿಂದ ತಂತಿ ಬದಲಿಸುವಾಗ ಯಾವಾಗಲೂ ಒಂದಾದ ಮೇಲೆ ಒಂದು. ಬಿದ್ದರೆ ಉಳಿದ ತಂತಿಗಳನ್ನೂ ಸಡಿಲಿಸಿ ಪೆಟ್ಟಿಗೆಗೆ ಹಾಕಿ ರಿಪೇರಿಗೆ ಕಳಿಸಿ. ಕಡ್ಡಿ ಇಲ್ಲದೆ ಬಿಗಿದಿಟ್ಟರೆ ಮೇಲ್ಹಲಗೆ ಕುಸಿಯುತ್ತದೆ.

ಬಿಟ್ಟ ಜೋಡಣೆ. ನುಡಿಸಿದಾಗ ಝೇಂಕಾರದಂಥ ಅಪಸ್ವರ ಬಂದರೆ ಅಂಚಿನುದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ. ಬಿಟ್ಟ ಕಡೆ ಸದ್ದು ಬದಲಾಗುತ್ತದೆ. ಫೆವಿಕಾಲ್ ಹಾಕಬೇಡಿ. ಪಿಟೀಲಿಗೆ ಬಳಸುವುದು ಬಿಸಿನೀರಿಗೆ ಕರಗುವ ಅಂಟು, ಹಳೇ ಬಡಗಿಗಳು ಮರವಜ್ರ ಅನ್ನುವ ಜಾತಿಯದು. ಒತ್ತಡ ಬಂದಾಗ ಮರ ಸೀಳುವ ಬದಲು ಅಂಟು ಬಿಡಲಿ ಎಂದೇ ಅದು ಹಾಗಿದೆ.

ಫೈನ್ ಟ್ಯೂನರ್ (ಶ್ರುತಿಯನ್ನು ಚೂರುಚೂರೇ ಹೊಂದಿಸುವ ತಿರುಪು) ನಾಲ್ಕೂ ತಂತಿಗೆ ಹಾಕಿಸಿ. ಆದರೆ ಮಕ್ಕಳು ಅದನ್ನೇ ತಿರುಗಿಸುತ್ತಾ ಹೋಗಿ ತಿರುಪು ಪೂರಾ ಇಳಿದಾಗ ಕೆಳಗಿನ ಕಬ್ಬಿಣದ ಕಾಲು ಮೇಲ್ಹಲಗೆಗೆ ಕೊರೆಯುತ್ತದೆ. ತಿಂಗಳಿಗೊಮ್ಮೆ ಎಲ್ಲವನ್ನೂ ಹಿಂದಕ್ಕೆ ಬಿಚ್ಚಿ ಬಿರಡೆಯಲ್ಲಿ ಶ್ರುತಿ ಸರಿಮಾಡಿ.

ನಿಮ್ಮ ವೃಂದಕ್ಕೆ ಕಪಾಟಿನಲ್ಲಿರಬೇಕಾದದ್ದು: ವಯೊಲಿನ್ ಇ ತಂತಿ 10, ಎ ತಂತಿ 6, ಡಿ ಮತ್ತು ಜಿ ಮೂರು ಮೂರು, ವಿಯೋಲ ಮತ್ತು ಚೆಲ್ಲೋಗೆ ಎ ತಂತಿ ಎರಡೆರಡು, ಉಳಿದವು ಒಂದೊಂದು. ತಂತಿ ತರುವಾಗ ವಾದ್ಯದ ಅಳತೆ ನೋಡಿ, 1/2 ಅಳತೆಗೆ 4/4ರದು (ಪೂರ್ಣ ಅಳತೆಯದು) ಹಾಕಿದರೆ ಸಡಿಲವಾಗಿ ಜೋಲುತ್ತದೆ. ಹೊಸ ರಾಳದ ಬಿಲ್ಲೆ ಗಾಜಿನಂತೆ ನುಣುಪಾಗಿದ್ದು ಕೂದಲಿಗೆ ಹತ್ತುವುದಿಲ್ಲ. ಸಣ್ಣ ಉಪ್ಪುಕಾಗದದಿಂದ ಒಮ್ಮೆ ಉಜ್ಜಿ. ಬೇಸ್ ರಾಳ ಮೆದು, ಸೆಖೆಗೆ ಹರಿದುಹೋಗುತ್ತದೆ, ಡಬ್ಬಿಯನ್ನು ನೆಟ್ಟಗೆ ಇಡಿ. ನುಡಿಸಿ ಮುಗಿದ ಕೂಡಲೇ ಕಮಾನು ಸಡಿಲಿಸುವುದನ್ನು ಮೊದಲ ದಿನವೇ ರೂಢಿ ಮಾಡಿಸಿ.

ಮೋಹನ_ರಾಗ:

ಮೂರನೆಯದಕ್ಕೆ ನನ್ನ ಉತ್ತರ: ಕಿವಿಗೆ ಅನುಕೂಲ, ಎಡಗೈಗೆ ಸ್ವಲ್ಪ ಅಡ್ಡಿ.

ನೆಲದ ಮೇಲೆ ಕೂತು, ತಲೆಭಾಗವನ್ನು ಪಾದದ ಮೇಲಿಟ್ಟಾಗ ವಾದ್ಯದ ಭಾರ ಕೈಗೆ ಇರುವುದಿಲ್ಲ. ಎಡಗೈ ತಂತಿಯುದ್ದಕ್ಕೂ ಸ್ವತಂತ್ರವಾಗಿ ಓಡಾಡುತ್ತದೆ, ಜಾರು ಗಮಕ ಸಲೀಸು. ನಿಂತು ನುಡಿಸುವಾಗ ಭಾರ ಹೆಗಲು ಮತ್ತು ಗದ್ದಕ್ಕೆ ಬರುತ್ತದೆ. ರೂಢಿಯಿಂದ ಬೆರಳು ಸ್ವರಕ್ಕೆ ಕೆಳಗಿನಿಂದ ಜಾರಿ ಬಂದರೆ 18 ವಯೊಲಿನ್ ಒಟ್ಟಿಗೆ ನುಡಿಸುವಾಗ ಕಲಸುಮೇಲೋಗರ. ಸ್ವರದ ಮೇಲೆ ನೇರವಾಗಿ ಬೆರಳು ಬೀಳಿಸುವ ಅಭ್ಯಾಸ ಮೇಷ್ಟ್ರಿಗೂ ಬೇಕು, ಯಾಕೆಂದರೆ ಮಕ್ಕಳು ಹೇಳಿದ್ದಕ್ಕಿಂತ ನುಡಿಸಿದ್ದನ್ನೇ ನಕಲು ಮಾಡುತ್ತಾರೆ.

ಒಂದೇ ವಾದ್ಯವನ್ನು ಎರಡಕ್ಕೂ ಬಳಸಬೇಡಿ. ಸಾ ಪಾ ಸಾ ಪಾ ಶ್ರುತಿಯಲ್ಲಿ ಸಾ ಅನ್ನು ಇ ಎಂದಿಟ್ಟುಕೊಂಡರೆ ಮೇಲಿನ ಎರಡು ತಂತಿ ಐದೈದು, ಕೆಳಗಿನೆರಡು ಮೂರು ಮೂರು ಅರ್ಧಸ್ವರ ಇಳಿಯುತ್ತವೆ. ಬೆಳಗ್ಗೆ ಏರಿಸಿ ಸಂಜೆ ಇಳಿಸಿದರೆ ತಂತಿ ಯಾವುದಕ್ಕೂ ನೆಲೆನಿಲ್ಲುವುದಿಲ್ಲ, ಕುದುರೆ ಬಾಗುವುದಕ್ಕೂ ಅದೇ ದಾರಿ.

ಅನುಕೂಲದ ಮಾತು. ತಂಬೂರಿ ಆ್ಯಪ್‌ನಲ್ಲಿ ಡಿ ಶ್ರುತಿ ಹಾಕಿ ಸ್ಪೀಕರ್‌ಗೆ ಕೊಡಿ, ಅದರ ಮೇಲೆ ಸ್ಕೇಲ್ ನುಡಿಸಿ. ಟ್ಯೂನರ್‌ನ ಸೂಜಿ ನೋಡಿ ಕಲಿತ ಮಕ್ಕಳಿಗಿಂತ ಇವರ ಶ್ರುತಿ ಬೇಗ ಗಟ್ಟಿಯಾಗುತ್ತದೆ. ಡಿ ಮೇಜರ್ ಅಂದರೆ ಡಿ ಆಧಾರದ ಶಂಕರಾಭರಣದ ಸ್ವರಗಳೇ. ನಮ್ಮವರು ಮೊದಲು ಹೇಳಿಕೊಡುವ ಮಾಯಾಮಾಳವಗೌಳದಿಂದ ಇಲ್ಲಿ ಶುರುಮಾಡಬೇಡಿ: ಒಂದನೇ ಬೆರಳು ಹಿಂದಕ್ಕೆ, ಎರಡನೆಯದು ಮುಂದಕ್ಕೆ ಎಳೆಯಬೇಕು, ಹೊಸ ಕೈಗೆ ಆಗದು.

ಬದಲಿಗೆ ಐದು ಸ್ವರದ ಮೋಹನ ರಾಗ. ಮೇಲೆ ಬೇಸ್‌ನ ತೊಡಕು ಹೇಳಿದರಲ್ಲ, ಅದು ಇಲ್ಲಿ ಎದುರಾಗುವುದೇ ಇಲ್ಲ. ಡಿ ಆಧಾರದಲ್ಲಿ ಸ ರಿ ಗ ಪ ಧ ಅಂದರೆ ಡಿ, ಇ, ಎಫ್ ಶಾರ್ಪ್, ಎ, ಬಿ. ವಯೊಲಿನ್, ವಿಯೋಲಕ್ಕೆ 0, 1, 2 | 0, 1. ಚೆಲ್ಲೋಗೆ 0, 1, 3 | 0, 1. ಬೇಸ್‌ಗೆ ಡಿ ತಂತಿಯಲ್ಲಿ 0, 1, 4, ಜಿ ತಂತಿಯಲ್ಲಿ 1, 4. ಯಾರೂ ಸ್ಥಾನ ಬಿಟ್ಟು ಕದಲಬೇಕಾಗಿಲ್ಲ, ಸಿ ಶಾರ್ಪ್ ಇಲ್ಲ, ಚೆಲ್ಲೋಗೆ ನಾಲ್ಕನೇ ಬೆರಳೂ ಬೇಡ. ಸಾ ಇಂದ ಧಾ ಒಳಗೆ ಓಡಾಡುವ ಎಂಟು ಅಕ್ಷರದ ತುಣುಕುಗಳನ್ನು ನೀವೇ ಕಟ್ಟಿ, ಮೊದಲು ಹಾಡಿಸಿ, ಆಮೇಲೆ ಬೆರಳಲ್ಲಿ ಮೀಟಿಸಿ, ಕೊನೆಗೆ ಕಮಾನು.

ಕಮಾನು_ಕೆಳಗೆ:

ಎಲ್ಲರೂ ವಾದ್ಯದ ಬಗ್ಗೆಯೇ ಹೇಳಿದರು. 12 ಗಂಟೆ ವಾದ್ಯಕ್ಕೆ, 4 ರಿಪೇರಿಗೆ ಹೋದರೆ 9 ಉಳಿಯಿತು. ಅದರಲ್ಲಿ 4 ಬೇರೆಯವರ ತಾಲೀಮು ನೋಡಲು, 3 ನಿಮ್ಮದೇ ತಾಲೀಮಿನ ವಿಡಿಯೋ ನೋಡಲು, 2 ಸ್ಕೋರ್ (ಎಲ್ಲ ವಾದ್ಯಗಳ ಸ್ವರಲಿಪಿ ಒಟ್ಟಿಗಿರುವ ಪ್ರತಿ) ಸಿದ್ಧಪಡಿಸಲು.

ವಿಡಿಯೋ ನೋಡುವಾಗ "ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ" ಬರೆಯಬೇಡಿ. ಸ್ಟಾಪ್‌ವಾಚ್ ಹಿಡಿದು ಎರಡೇ ಸಂಖ್ಯೆ ತೆಗೆಯಿರಿ: 20 ನಿಮಿಷದಲ್ಲಿ ಮಕ್ಕಳ ಕಮಾನು ತಂತಿಯ ಮೇಲೆ ಇದ್ದದ್ದು ಎಷ್ಟು ನಿಮಿಷ; ನೀವು ನಿಲ್ಲಿಸಿದ ಮೇಲೆ ಮತ್ತೆ ಶುರುವಾಗಲು ಹಿಡಿದದ್ದು ಎಷ್ಟು ಸೆಕೆಂಡ್. ಎರಡನೆಯದು ಉದ್ದವಾಗುವುದಕ್ಕೆ ಕಾರಣ ಬಹುತೇಕ ಒಂದೇ: ನಿಲ್ಲಿಸಿ, ಮೂರು ತಪ್ಪು ಒಟ್ಟಿಗೆ ಹೇಳುವುದು. ಒಮ್ಮೆ ನಿಲ್ಲಿಸಿದರೆ ಒಂದೇ ಮಾತು, ಕೂಡಲೇ ಶುರು. ಚೆಲ್ಲೋಗಳಿಗೆ ಹೇಳುವಾಗ ಉಳಿದವರು ಸುಮ್ಮನೆ ಕೂರದಿರಲಿ. ಅದೇ ಸಾಲಿಗೆ ಬೆರಳು ಮಾತ್ರ ಇಡಲಿ, ಇಲ್ಲವೇ ಗಾಳಿಯಲ್ಲಿ ಕಮಾನು ಎಳೆಯಲಿ.

ಸ್ಕೋರ್ ಸಿದ್ಧಪಡಿಸುವುದೆಂದರೆ ಪ್ರತಿ ಪಾರ್ಟ್‌ಗೂ (ಒಂದೊಂದು ವಾದ್ಯ ನುಡಿಸಬೇಕಾದ ಸಾಲಿಗೂ) ಕಮಾನಿನ ದಿಕ್ಕು ಬರೆಯುವುದು. ಬಿಟ್ಟರೆ ಒಂದೇ ಸಾಲಿನಲ್ಲಿ ಒಬ್ಬನದು ಮೇಲೆ, ಇನ್ನೊಬ್ಬಳದು ಕೆಳಗೆ ಹೋಗಿ ಪಕ್ಕದವರ ಮೊಣಕೈಗೆ ತಾಗುತ್ತದೆ, ಉಚ್ಚಾರಣೆಯೂ ಒಂದಾಗುವುದಿಲ್ಲ. ಸಾಲುಗಳ ನಡುವೆ ನೀವು ನಡೆದು ಹೋಗುವಷ್ಟು ಜಾಗ, ಒಂದು ಮೀಟರಾದರೂ, ಇರಲೇಬೇಕು. ಎದುರಿಗೆ ನಿಂತೇ ಪಾಠ ಮಾಡಿದರೆ ಹಿಂದಿನ ಸಾಲಿನ ಮಣಿಕಟ್ಟು ಕುಸಿದಿರುವುದು ಕಾಣುವುದಿಲ್ಲ.

ಇಡೀ ತರಗತಿಗೆ ದೇಹದ ಚಲನೆಯಿಂದ ಕಲಿಸುವ ಕ್ರಮ ಬೇಕಿದ್ದರೆ ಪೌಲ್ ರೋಲಾಂಡ್ 1960ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ತಂತಿವಾದ್ಯ ಬೋಧನಾ ಸಂಶೋಧನೆಯ ಚಿತ್ರೀಕರಣಗಳನ್ನು ಹುಡುಕಿ. ಮಕ್ಕಳ ಕೈ ಬಿಗಿಯುವ ಮೊದಲೇ ತಡೆಯುವುದು ಹೇಗೆ ಎನ್ನುವುದಕ್ಕೆ ಇವತ್ತಿಗೂ ಅದು ಕೆಲಸಕ್ಕೆ ಬರುತ್ತದೆ. 1946ರಲ್ಲಿ ಶುರುವಾದ ಅಮೆರಿಕದ ತಂತಿವಾದ್ಯ ಶಿಕ್ಷಕರ ಸಂಘದ ಸಾಮಗ್ರಿಯೂ ಶಾಲಾ ವೃಂದಕ್ಕೇ ಹೊಂದುವಂಥದ್ದು. ಗ್ರೇಡ್ ಪರೀಕ್ಷೆಯ ಪ್ರಮಾಣಪತ್ರ ಇನ್ನೊಂದು ಸೇರಿಸಿಕೊಳ್ಳುವುದರಿಂದ ನಿಮ್ಮ ವಾದನ ಸುಧಾರಿಸಬಹುದು, 27 ಮಕ್ಕಳ ತರಗತಿ ನಡೆಸಲು ಬರುವುದಿಲ್ಲ. ಆ 25 ಗಂಟೆಯಿಂದ ಅದನ್ನು ಹೊರಗಿಡಿ.

ನಾಲ್ಕು_ತಂತಿ:

ತುಂಬಾ ಉಪಕಾರವಾಯಿತು. ಮೋಹನದ ಲೆಕ್ಕ ನಾಳೆಯೇ ನುಡಿಸಿ ನೋಡುತ್ತೇನೆ. ಒಂದೇ ಸಂದೇಹ: ಇರುವ ಒಂದೇ ಬೇಸ್ ಹುಡುಗ ರಜೆ ಹಾಕಿದ ದಿನ ಏನು ಮಾಡುವುದು? ಕೀಬೋರ್ಡ್ ಸೇರಿಸಬಹುದೇ?

ಮಂದ್ರ_ಸ್ಥಾಯಿ:

ಕೀಬೋರ್ಡ್ ಬೇಡ. ಅದು ಇದ್ದರೆ ಉಳಿದವರು ತಮ್ಮ ಶ್ರುತಿ ಕೇಳಿಸಿಕೊಳ್ಳುವುದನ್ನೇ ಬಿಡುತ್ತಾರೆ, ತಾಳವನ್ನೂ ಅದರ ಮೇಲೆ ಹಾಕುತ್ತಾರೆ. ಬೇಸ್ ಪಾರ್ಟನ್ನು ಒಬ್ಬ ಚೆಲ್ಲೋ ಮಗುವಿಗೆ ಕೊಡಿ. ಬೇಸ್ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳುತ್ತದೆ, ಹಾಗಾಗಿ ಅದೇ ಕಾಗದ ನೋಡಿ ಚೆಲ್ಲೋದಲ್ಲಿ ನುಡಿಸಿದರೆ ಸ್ವರ ಒಂದು ಸ್ಥಾಯಿ ಮೇಲಿರುತ್ತದೆ, ಅಷ್ಟೇ ವ್ಯತ್ಯಾಸ. ಎಷ್ಟೋ ಕಡೆ ಬೇಸ್ ಮತ್ತು ಚೆಲ್ಲೋ ಪಾರ್ಟ್ ಒಂದೇ ಇರುತ್ತದೆ, ಅಲ್ಲಿ ಏನೂ ಮಾಡಬೇಕಾಗಿಲ್ಲ. ಬೇರೆ ಇರುವ ಕಡೆ ಬೆರಳಿನ ಸಂಖ್ಯೆಗಳನ್ನು ಮಾತ್ರ ಅಳಿಸಿ ಚೆಲ್ಲೋದ್ದು ಬರೆದುಕೊಡಿ, ಇಲ್ಲದಿದ್ದರೆ ಬೇಸ್‌ನ 4 ನೋಡಿ ಎಫ್ ಶಾರ್ಪ್ ಬದಲು ಜಿ ಒತ್ತುತ್ತಾರೆ. ಜೊತೆಗೆ ಚೆಲ್ಲೋ ಮಕ್ಕಳಲ್ಲಿ ಎತ್ತರ ಇರುವ ಒಬ್ಬರಿಗೆ ವಾರಕ್ಕೆ ಹತ್ತು ನಿಮಿಷ ಬೇಸ್ ಮೇಲೆ ಖಾಲಿ ತಂತಿ ಎಳೆಯಲು ಬಿಡಿ. ಮುಂದಿನ ವರ್ಷಕ್ಕೆ ಎರಡನೇ ಬೇಸ್ ನುಡಿಸುವವರು ಸಿಗುವುದು ಸಾಮಾನ್ಯವಾಗಿ ಅಲ್ಲಿಂದಲೇ.